ಮೂರು ತೂತುಗಳ ತೀರ್ಪು

ನೂರು ಗಜ ದೂರದಲ್ಲಿ ನಿಲ್ಲಿಸಿದ ಕಾಗದದ ಮೇಲೆ ಮೂರು ತೂತು. ಒಂದರ ಅಂಚು ಇನ್ನೊಂದಕ್ಕೆ ತಾಗಿ ಮೂರೂ ಸೇರಿ ಬಿಲ್ವಪತ್ರೆಯ ಹಾಗೆ ಕಾಣುತ್ತವೆ. ಪ್ರತಿ ತೂತಿನ ಸುತ್ತ ಗುಂಡು ಒರೆಸಿ ಹೋದ ಮಸಿಯ ತೆಳ್ಳನೆಯ ಬೂದು ಉಂಗುರ. ಅಮೆರಿಕದ ಮೊಂಟಾನಾದಲ್ಲೋ ಪೆನ್ಸಿಲ್ವೇನಿಯಾದಲ್ಲೋ, ಜಿಂಕೆ ಬೇಟೆಯ ಋತು ಶುರುವಾಗುವ ಮುನ್ನ ತನ್ನ ರೈಫಲ್ಲಿಗೆ ತಾನೇ ತೋಟಾ ತುಂಬಿಕೊಳ್ಳುವ ಬೇಟೆಗಾರ ಈ ಕಾಗದವನ್ನು ಬಿಚ್ಚಿ, ಮೂಲೆಯಲ್ಲಿ ಮದ್ದಿನ ತೂಕ ಬರೆದು ಜೋಪಾನವಾಗಿ ಎತ್ತಿಡುತ್ತಾನೆ. ಕೋವಿಗೆ ಒಗ್ಗುವ ತೋಟಾ ಸಿಕ್ಕಿತೆಂದು ಅವನ ತೀರ್ಮಾನ. ಪಕ್ಕದ ಕಾಗದದಲ್ಲಿ ಮದ್ದನ್ನು ಅರ್ಧ ಗ್ರೇನ್ ಹೆಚ್ಚಿಸಿ ಹೊಡೆದ ಮೂರು ಗುಂಡು ಒಂದೂವರೆ ಇಂಚು ಅಗಲಕ್ಕೆ ಚದುರಿವೆ. ಅದು ಕೋವಿಗೆ ಸೇರದ ತೋಟಾ, ಅದನ್ನು ಅಲ್ಲಿಗೇ ಕೈಬಿಡುತ್ತಾನೆ. ತಿಂಗಳು ಕಳೆದು ಬಿಲ್ವಪತ್ರೆ ಬರೆದ ಅದೇ ತೋಟಾ ಮತ್ತೆ ಹೊಡೆದಾಗ ಗುಂಡುಗಳು ಒಂದೂಕಾಲು ಇಂಚು ದೂರ ದೂರ ಬಿದ್ದರೆ, 'ಈ ಕೋವಿ ಬಲು ಹಠಮಾರಿ' ಎನ್ನುತ್ತಾನೆ. ಹಠ ಕೋವಿಯದಲ್ಲ. ಮೂರು ಗುಂಡುಗಳು ಹೇಳಲಾರದ ಮಾತನ್ನು ಅವುಗಳ ಬಾಯಿಂದ ಹೇಳಿಸಿದ್ದರಿಂದ ಬಂದ ಗೊಂದಲ ಅದು. ಈ ತಪ್ಪು ಕೋವಿಯ ಹವ್ಯಾಸಿಗಳ ನಡುವೆಯೇ ಉಳಿಯುವಂಥದ್ದೂ ಅಲ್ಲ. ಅದರ ಬೆಲೆಯನ್ನು ಗಾಯಗೊಂಡ ಜಿಂಕೆ ತೆರುತ್ತದೆ, ಆ ಜಿಂಕೆಯ ಕರುಳು ತಿಂದ ಹದ್ದು ತೆರುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ, ಮುಚ್ಚಿರುವುದೇ ಸರಿ. ಆದರೂ ಈ ಲೋಕ ಕನ್ನಡ ಓದುಗರಿಗೆ ಅಪರಿಚಿತವೇನಲ್ಲ. ಕೆನೆತ್ ಆ್ಯಂಡರ್ಸನ್ನರ ಬೇಟೆಯ ಅನುಭವಗಳು ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಮನೆಮನೆಗೆ ಬಂದಿವೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಕೊಡಗಿನಲ್ಲಿ ಇವತ್ತಿಗೂ ನಡೆಯುತ್ತದೆ. ಮಲೆನಾಡಿನ ಹಿರಿಯರಿಗೆ ಕೇಪಿನ ಕೋವಿ, ತೋಟಾಕೋವಿ, ಚರೆ, ಈಡು ಎಂಬ ಮಾತುಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ಪರವಾನಗಿ, ಋತು, ಎಷ್ಟು ಪ್ರಾಣಿ ಎಂಬ ಮಿತಿ ಎಲ್ಲವೂ ಅಲ್ಲಿ ಉಂಟು. ಬೇಟೆ ಬೇಕೋ ಬೇಡವೋ ಎಂಬ ಪ್ರಶ್ನೆ ಬೇರೆ. ಬೇಟೆ ನಡೆಯುವ ಕಡೆ ಗುಂಡು ಬೀಳಬೇಕಾದಲ್ಲೇ ಬೀಳಬೇಕು ಎಂಬುದರಲ್ಲಿ ಬೇಟೆಯ ಪರ ಇರುವವರಿಗೂ ವಿರುದ್ಧ ಇರುವವರಿಗೂ ಭಿನ್ನಾಭಿಪ್ರಾಯ ಇರಲಾರದು.

ತೋಟಾ ತುಂಬುವುದು ನಾಜೂಕಿನ ಕೆಲಸ. ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹೊಡೆದ ಕೋಶ ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ, ಹಳೆಯ ಪ್ರೈಮರ್ ತೆಗೆದು ಹೊಸದನ್ನು ಕೂರಿಸುತ್ತಾರೆ, ಉದ್ದ ಬೆಳೆದಿದ್ದರೆ ಬಾಯಿ ಕತ್ತರಿಸಿ ಅಂಚು ನಯ ಮಾಡುತ್ತಾರೆ. ಆಮೇಲೆ ತಕ್ಕಡಿ. ಅಳತೆ ಗ್ರೇನಿನಲ್ಲಿ, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಸಾಸಿವೆಗಿಂತ ಸಣ್ಣ, ಕಪ್ಪು ಕಡ್ಡಿಯ ಚೂರುಗಳಂಥ ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗಿ ಕೋಶಕ್ಕೆ ಸುರಿಯುತ್ತಾರೆ. ಕೊನೆಗೆ ಗುಂಡನ್ನು ಇಷ್ಟೇ ಆಳಕ್ಕೆ ಎಂದು ಅಳೆದು ಕೂರಿಸುತ್ತಾರೆ. ಗುಂಡಿನ ಭುಜಕ್ಕೂ ನಳಿಗೆಯೊಳಗಿನ ಸುರುಳಿ ಗೀರು ಶುರುವಾಗುವ ಜಾಗಕ್ಕೂ ನಡುವೆ ಎಷ್ಟು ಎಡೆ ಇರಬೇಕು ಎಂಬುದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆದಿದೆ. 1906ರಿಂದ ಬಳಕೆಯಲ್ಲಿರುವ .30-06 ತೋಟಾದಲ್ಲಿ ಮದ್ದು ಉರಿದಾಗ ಚದರ ಇಂಚಿಗೆ 60,000 ಪೌಂಡಿನವರೆಗೆ ಒತ್ತಡ ಏಳಬಹುದು. ಮುಖದಿಂದ ಗೇಣು ದೂರದಲ್ಲಿ ಅಷ್ಟು ಒತ್ತಡ ಇರುವಾಗ ಮದ್ದಿನ ತೂಕವನ್ನು ಪ್ರಕಟಿತ ಕೈಪಿಡಿಯ ಮಿತಿಯೊಳಗೇ ಇಡುವುದು ಈ ಕೆಲಸದ ಮೊದಲ ನಿಯಮ. ಇಷ್ಟು ಕಟ್ಟುನಿಟ್ಟಾಗಿ ತೂಗಿ ಅಳೆದು ತೋಟಾ ತಯಾರಿಸುವ ಮನುಷ್ಯ ಅದರ ಫಲವನ್ನು ಅಳೆಯುವಾಗ ಮಾತ್ರ ಕೈ ಸಡಿಲ ಬಿಡುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ.

ರೂಢಿಯ ವಿಧಾನ ಹೀಗಿದೆ. ಮದ್ದಿನ ಹತ್ತು ಬೇರೆ ಬೇರೆ ತೂಕ, ಪ್ರತಿಯೊಂದಕ್ಕೂ ಮೂರು ತೋಟಾ, ಒಟ್ಟು ಮೂವತ್ತು. ಹತ್ತು ಕಾಗದಗಳಲ್ಲಿ ಅತಿ ಚಿಕ್ಕ ಗುಂಪು ಯಾವುದೋ ಅದೇ ಗೆದ್ದ ತೋಟಾ. ಈಗ ಒಂದು ಕ್ಷಣ ಆ ಮೂವತ್ತೂ ತೋಟಾಗಳು ಪ್ರತಿಯೊಂದು ವಿಷಯದಲ್ಲೂ ಒಂದೇ ಎಂದುಕೊಳ್ಳೋಣ. ಮದ್ದಿನಲ್ಲಿ ವ್ಯತ್ಯಾಸವೇ ಇಲ್ಲ, ಕೋವಿಗೆ ಇಷ್ಟಾನಿಷ್ಟವೇ ಇಲ್ಲ. ಆಗಲೂ ಗುಂಪುಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಅಮೆರಿಕದ ಅಬರ್ಡೀನ್ ಸೇನಾ ಪ್ರಯೋಗಶಾಲೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಗ್ರಬ್ಸ್ 1964ರಲ್ಲಿ ರೈಫಲ್ ಗುರಿಕಾರರಿಗೂ ಕ್ಷಿಪಣಿ ಎಂಜಿನಿಯರುಗಳಿಗೂ ಸೇರಿ ಈ ಲೆಕ್ಕವನ್ನು ಬಿಡಿಸಿಟ್ಟರು. ಮೂರು ಗುಂಡಿನ ಗುಂಪಿನ ಅಗಲ ಸರಾಸರಿಯಿಂದ ಆಚೀಚೆ ಸರಿಯುವ ಪ್ರಮಾಣ ಶೇಕಡಾ 37ರಷ್ಟು. ಅಂದರೆ ಸರಾಸರಿ ಒಂದು ಇಂಚಿನ ಗುಂಪು ಕೊಡುವ ರೈಫಲ್ಲಿನಿಂದ ಒಂದೇ ಬಗೆಯ ತೋಟಾದಲ್ಲಿ ಹತ್ತು ಗುಂಪು ಹೊಡೆದರೆ, ಚಿಕ್ಕದು ಅರ್ಧ ಇಂಚಿನ ಆಸುಪಾಸಿನಲ್ಲಿ, ದೊಡ್ಡದು ಒಂದೂವರೆ ಇಂಚು ಮೀರಿ ಬರುವುದು ಸಹಜ. ಮೂರು ಪಟ್ಟು ವ್ಯತ್ಯಾಸ, ಕಾರಣ ಏನೂ ಇಲ್ಲ. ನಮ್ಮ ಬೇಟೆಗಾರನ ಬಿಲ್ವಪತ್ರೆಯೂ ಅದರ ಪಕ್ಕದ ಚದುರಿದ ಗುಂಪೂ ಈ ಹರವಿನೊಳಗೇ ಇವೆ. ಚೌಕಾಬಾರದಲ್ಲಿ ಮೂರು ಸಲ ಎಸೆದು ಕವಡೆಯ ಗುಣ ಹೇಳಲು ಯಾರೂ ಹೋಗುವುದಿಲ್ಲ. ಕಾಗದದ ಮೇಲಿನ ತೂತಿಗೆ ಮಾತ್ರ ಆ ಅಧಿಕಾರ ಕೊಟ್ಟುಬಿಡುತ್ತೇವೆ, ಏಕೆಂದರೆ ತೂತು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಹಠಮಾರಿ ಕೋವಿ ಹುಟ್ಟುವುದು ಇದೇ ಘಳಿಗೆಯಲ್ಲಿ. ಹತ್ತರಲ್ಲಿ ಅತಿ ಚಿಕ್ಕ ಗುಂಪನ್ನು ಆರಿಸುವುದೆಂದರೆ ಅದೃಷ್ಟ ಹೆಚ್ಚು ಬೆರೆತ ಗುಂಪನ್ನು ಆರಿಸುವುದು. ಅದೃಷ್ಟ ಎರಡನೇ ಸಲ ಅದೇ ತೋಟಾದ ಜೊತೆ ಬರಬೇಕೆಂದಿಲ್ಲ. ಎರಡನೇ ಸಲ ಗುಂಪು ಸರಾಸರಿಯ ಕಡೆಗೆ, ಅಂದರೆ ಒಂದು ಇಂಚಿನ ಹತ್ತಿರಕ್ಕೆ ಮರಳುತ್ತದೆ. ಹೀಗೆ ಸರಾಸರಿಗೆ ಮರಳುವ ಗುಣವನ್ನು ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರಗಳಲ್ಲಿ ಗುರುತಿಸಿದ್ದರು. ಬೇಟೆಗಾರನಿಗೆ ಅದು ಸರಾಸರಿಗೆ ಮರಳುವುದಾಗಿ ಕಾಣುವುದಿಲ್ಲ, ಕೋವಿ ಮುನಿಸಿಕೊಂಡಂತೆ ಕಾಣುತ್ತದೆ. ಚಳಿ ಹೆಚ್ಚಾಯಿತು, ಮದ್ದಿನ ಹೊಸ ಡಬ್ಬಿ ಬೇರೆ, ನಳಿಗೆ ಶುಚಿ ಮಾಡಿದ್ದು ಜಾಸ್ತಿಯಾಯಿತು ಎಂದು ಕಾರಣಗಳು ಒಂದರ ಮೇಲೊಂದು ಬರುತ್ತವೆ. ಅವನು ಮತ್ತೆ ಹತ್ತು ತೂಕ, ಮತ್ತೆ ಮೂವತ್ತು ತೋಟಾ ತುಂಬುತ್ತಾನೆ, ಮತ್ತೊಂದು ಬಿಲ್ವಪತ್ರೆ ಸಿಗುತ್ತದೆ, ಅದೂ ಮುಂದಿನ ತಿಂಗಳು ಕೈಕೊಡುತ್ತದೆ. 1948ರಲ್ಲಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಅವು ಏನೇ ಮಾಡಲಿ ಬಿಡಲಿ ನಿಗದಿತ ಹೊತ್ತಿಗೆ ಕಾಳು ಬೀಳುವಂತೆ ಮಾಡಿದಾಗ, ಕಾಳು ಬಿದ್ದ ಕ್ಷಣದಲ್ಲಿ ತಾನು ಮಾಡುತ್ತಿದ್ದ ಚೇಷ್ಟೆಯೇ ಕಾಳು ತಂದಿತು ಎಂಬಂತೆ ಒಂದು ಹಕ್ಕಿ ಸುತ್ತು ಹೊಡೆಯತೊಡಗಿತು, ಇನ್ನೊಂದು ತಲೆ ಆಡಿಸತೊಡಗಿತು. 1971ರಲ್ಲಿ ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ ತೋರಿಸಿದ್ದು ಇನ್ನೂ ಗಂಭೀರ ವಿಷಯ: ಅಂಕಿಅಂಶಗಳಲ್ಲಿ ತರಬೇತಿ ಪಡೆದ ಸಂಶೋಧಕರೂ ಸಣ್ಣ ಮಾದರಿಯ ಮೇಲೆ ಅದು ಹೊರಲಾರದಷ್ಟು ಭರವಸೆ ಇಡುತ್ತಾರೆ. ಆದ್ದರಿಂದ ಇದು ಬುದ್ಧಿಯ ಕೊರತೆಯಲ್ಲ. ತೋಟಾ ತುಂಬುವವರಲ್ಲಿ ಯಂತ್ರಶಿಲ್ಪಿಗಳಿದ್ದಾರೆ, ವೈದ್ಯರಿದ್ದಾರೆ. ತಾಳ್ಮೆಗೆ ಹೆಸರಾದ ಜನವೇ ಇಲ್ಲಿ ಎಡವುತ್ತಾರೆ ಎಂಬುದು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ಮಾತು. ಆ ಮಾತು ಸುಳ್ಳಲ್ಲ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಬೆಂಕಿ. ಒಂದಗುಳಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನಗಣ್ಯ. ಹೀಗಾಗಿ ಒಂದಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ಹೇಳಬಲ್ಲುದು. ರೈಫಲ್ಲಿನ ಗುಂಡುಗಳು ಹಾಗಲ್ಲ. ಗುಂಡಿಗೂ ಗುಂಡಿಗೂ ನಡುವಿನ ವ್ಯತ್ಯಾಸವನ್ನೇ ಇಲ್ಲಿ ನಾವು ಅಳೆಯಹೊರಟಿರುವುದು. ವ್ಯತ್ಯಾಸವನ್ನು ಅಳೆಯಲು ಒಂದಗುಳಾಗಲಿ ಮೂರಗುಳಾಗಲಿ ಸಾಲದು. ಒಂದು ಮಾದರಿಯಿಂದ ಎಷ್ಟು ತಿಳಿವಳಿಕೆ ಹಿಂಡಬಹುದು ಎಂಬುದಕ್ಕೇ ಒಂದು ಮಿತಿಯಿದೆ, ಎಂಥ ಜಾಣ ಸೂತ್ರ ಬಳಸಿದರೂ ಅದನ್ನು ದಾಟಲಾಗದು ಎಂದು 1945ರಲ್ಲಿ ಗಣಿತದಿಂದ ತೋರಿಸಿದವರಲ್ಲಿ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಜಗತ್ತಿನ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಅದನ್ನು ಕ್ರಾಮರ್-ರಾವ್ ಮಿತಿ ಎಂದೇ ಪಾಠ ಮಾಡುತ್ತಾರೆ. ಮೂರು ತೂತುಗಳಲ್ಲಿ ಇಲ್ಲದ ಮಾಹಿತಿಯನ್ನು ಭೂತಗನ್ನಡಿ ಹಿಡಿದು ನೋಡಿದರೂ ಹೊರತೆಗೆಯಲಾಗದು.

ಈ ಲೆಕ್ಕದಲ್ಲಿ ಬೇಟೆಗಾರನಿಗೆ ಸಮಾಧಾನ ಕೊಡುವ ಅಂಶವೂ ಇದೆ, ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ಎರಡು ಬಗೆಯ ತೋಟಾಗಳ ನಡುವೆ ಹರಡುವಿಕೆಯಲ್ಲಿ ನಿಜವಾಗಿ ಶೇಕಡಾ 20ರಷ್ಟೇ ವ್ಯತ್ಯಾಸವಿದ್ದರೆ ಅದನ್ನು ನಂಬಿಕೆಯಿಂದ ಗುರುತಿಸಲು ಎರಡರಲ್ಲೂ ನೂರರ ಆಸುಪಾಸು ಗುಂಡು ಹೊಡೆಯಬೇಕಾಗುತ್ತದೆ. ಒಂದರ ಹರಡುವಿಕೆ ಇನ್ನೊಂದರ ದುಪ್ಪಟ್ಟಿದ್ದರೆ ತಲಾ ಹತ್ತು ಗುಂಡು ಹೆಚ್ಚುಕಡಿಮೆ ಸಾಕು. ಅಂದಮೇಲೆ ಹತ್ತು ಗುಂಡಿನಲ್ಲಿ ಕಾಣದ ವ್ಯತ್ಯಾಸ ಕಾಡಿನಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ. ಅದರ ಹಿಂದೆ ಹೋಗಬೇಕಾಗಿಯೇ ಇಲ್ಲ. ಗ್ರೇನಿನ ಹತ್ತನೇ ಎರಡು ಭಾಗ ಹೆಚ್ಚಿಸಿ, ಇಳಿಸಿ, ಗುಂಡನ್ನು ಕೂದಲೆಳೆಯಷ್ಟು ಒಳಗೆ ತಳ್ಳಿ, ಹೊರಗೆ ಎಳೆದು ಕಳೆಯುವ ವಾರಾಂತ್ಯಗಳು ಹಾಗೇ ಉಳಿಯುತ್ತವೆ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಮೂರು ಗುಂಡಿನ ಒಳ್ಳೆಯ ಗುಂಪು ಏನನ್ನೂ ಸಾಬೀತು ಮಾಡದು. ಆದರೆ ಮೂರು ಗುಂಡು ನಾಲ್ಕೈದು ಇಂಚು ಚದುರಿದರೆ ಅದು ಒಂದು ಇಂಚಿನ ರೈಫಲ್ ಅಲ್ಲವೆಂದು ಅಲ್ಲಿಯೇ ಗೊತ್ತಾಗುತ್ತದೆ. ತೀರ ಕೆಟ್ಟದ್ದನ್ನು ಬಿಟ್ಟುಹಾಕಲು ಮೂರು ಗುಂಡು ಸಾಕು, ಒಳ್ಳೆಯದನ್ನು ಆರಿಸಲು ಸಾಲದು.

ವೇಗ ಅಳೆಯುವ ಯಂತ್ರಗಳು ಅಗ್ಗವಾದ ಮೇಲೆ ಇದೇ ತಪ್ಪು ಹೊಸ ವೇಷದಲ್ಲಿ ಬಂದಿದೆ. ಐದು ಗುಂಡು ಹೊಡೆದು, ವೇಗದ ಏರಿಳಿತ ಸೆಕೆಂಡಿಗೆ 10 ಅಡಿ ಎಂದು ಯಂತ್ರ ತೋರಿಸಿದರೆ ಬೇಟೆಗಾರ ಹಿಗ್ಗುತ್ತಾನೆ. ಐದರ ಮಾದರಿಯಲ್ಲಿ ಬಂದ ಆ 10ರ ಹಿಂದಿನ ನಿಜಸಂಖ್ಯೆ 6ರಿಂದ 29ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮದ್ದು ಹೆಚ್ಚಿಸುತ್ತ ಹೋದಂತೆ ವೇಗ ಏರದೆ ಒಂದೆಡೆ ಸಮತಟ್ಟಾಗುತ್ತದೆ, ಗುಂಡುಗಳು ಒಂದೇ ಎತ್ತರಕ್ಕೆ ಬೀಳುತ್ತವೆ, ಆ ಜಾಗವೇ ಕೋವಿಯ ಮೆಚ್ಚಿನ ತಾಣ ಎಂಬುದು ಕ್ರೇಟನ್ ಆಡೆಟ್ ಎಂಬ ಅಮೆರಿಕದ ಗುರಿಕಾರನ ಹೆಸರಿನೊಂದಿಗೆ ಬೆಸೆದ ಏಣಿ ಪರೀಕ್ಷೆಯ ತಿರುಳು. ಮೆಟ್ಟಿಲಿಗೆ ಒಂದೊಂದೇ ಗುಂಡು ಹೊಡೆದಾಗ ಅಂಥ ಸಮತಟ್ಟು ಜಾಗ ಎಲ್ಲೋ ಒಂದು ಕಡೆ ಕಾಣಿಸಿಯೇ ತೀರುತ್ತದೆ. ನಿಜದ ಪರೀಕ್ಷೆ ಎಂದರೆ ಏಣಿಯನ್ನು ಎರಡನೇ ಸಲ ಹತ್ತುವುದು. ಆಗಲೂ ಅದೇ ಮೆಟ್ಟಿಲಲ್ಲಿ ಸಮತಟ್ಟು ಸಿಕ್ಕರೆ ನಂಬಬಹುದು. ಗುಂಡು ತಯಾರಿಸುವ ನೆಬ್ರಾಸ್ಕದ ಹಾರ್ನಡಿ ಕಂಪನಿಯ ಎಂಜಿನಿಯರುಗಳೇ ಇತ್ತೀಚಿನ ವರ್ಷಗಳಲ್ಲಿ ಗ್ರಾಹಕರೆದುರು ನಿಂತು, ನಿಮ್ಮ ಗುಂಪುಗಳು ತೀರ ಸಣ್ಣ ಮಾದರಿಯವು ಎಂದು ಬಹಿರಂಗವಾಗಿ ವಾದಿಸಿದ್ದಾರೆ. ತೋಟಾ ಹೆಚ್ಚು ಖರ್ಚಾದರೆ ಅವರಿಗೇ ಲಾಭ ಎಂದು ಅನುಮಾನಿಸುವವರು ಗ್ರಬ್ಸ್ ಅವರ ಲೆಕ್ಕ ಆ ಕಂಪನಿಯ ಮಾತಿಗಿಂತ ಅರ್ಧ ಶತಮಾನಕ್ಕೂ ಹಳೆಯದು ಎಂಬುದನ್ನು ಗಮನಿಸಬೇಕು.

ಇದಕ್ಕೆ ಬೇಟೆಗಾರರು ಕೊಡುವ ಅತ್ಯಂತ ಗಟ್ಟಿ ಉತ್ತರ ಇದು: ಕಾಡಿನಲ್ಲಿ ಹತ್ತು ಗುಂಡು ಯಾರು ಹೊಡೆಯುತ್ತಾರೆ? ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಗುಂಡೊಂದೇ ಮುಖ್ಯ, ಹೆಚ್ಚೆಂದರೆ ಎರಡನೆಯದು. ಬೇಟೆ ರೈಫಲ್ಲಿನ ನಳಿಗೆ ತೆಳು. ಬೆಟ್ಟ ಹತ್ತುವಾಗ ಹೊರಲು ಹಗುರ ಇರಲೆಂದು ಹಾಗೆ ಮಾಡಿರುತ್ತಾರೆ. ಐದಾರು ಗುಂಡಿಗೆ ಅದು ಕಾದು ಗುರಿ ಜಾರುತ್ತದೆ. ಬಿಸಿ ನಳಿಗೆಯ ಹತ್ತು ಗುಂಡು ತಣ್ಣನೆಯ ನಳಿಗೆಯ ಬಗ್ಗೆ ಏನು ಹೇಳೀತು? ಇದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ತಣ್ಣನೆಯ ನಳಿಗೆಯ ಮೊದಲ ಗುಂಡೇ ಮುಖ್ಯವಾದರೆ ಅದನ್ನೇ ಅಳೆಯಬೇಕು. ಹತ್ತು ಬೇರೆ ಬೇರೆ ದಿನ, ತಣ್ಣನೆಯ ನಳಿಗೆಯಿಂದ ಒಂದೊಂದೇ ಗುಂಡು, ಒಂದೇ ಕಾಗದದ ಮೇಲೆ. ಹೀಗೆ ಸಿಗುವ ಹತ್ತು ತೂತುಗಳು ಬೆಂಚಿನ ಮೇಲೆ ಕೂತು ಹತ್ತು ನಿಮಿಷದಲ್ಲಿ ಹೊಡೆದ ಹತ್ತಕ್ಕಿಂತ ಹೆಚ್ಚು ಸತ್ಯ ಹೇಳುತ್ತವೆ, ಏಕೆಂದರೆ ಅವುಗಳಲ್ಲಿ ಬೇರೆ ಬೇರೆ ದಿನದ ಚಳಿ, ಬೆಳಕು, ಭುಜದ ಬಿಗಿತ ಎಲ್ಲವೂ ಸೇರಿರುತ್ತವೆ. ಒಂದೇ ಗುಂಡು ಹೊಡೆಯುವವನಿಗೆ ಹೆಚ್ಚು ಪರೀಕ್ಷೆ ಬೇಕು, ಕಡಿಮೆಯಲ್ಲ. ತಿದ್ದಿಕೊಳ್ಳಲು ಅವನಿಗೆ ಎರಡನೇ ಅವಕಾಶ ಇರುವುದಿಲ್ಲ. ಮೂರು ಗುಂಡಿಗೆ ಒಂದು ಇಂಚು ಕೊಡುವ ರೈಫಲ್ ಹತ್ತು ಗುಂಡಿಗೆ ಸರಾಸರಿ ಒಂದೂವರೆ ಇಂಚಿಗಿಂತ ತುಸು ಹೆಚ್ಚೇ ಹರಡುತ್ತದೆ. ಈ ದೊಡ್ಡ ಸಂಖ್ಯೆ ಕೇಳಲು ಇಷ್ಟವಾಗದಿರಬಹುದು, ಆದರೆ ಮುಂದಿನ ಗುಂಡು ಬೀಳುವುದು ಆ ದೊಡ್ಡ ವೃತ್ತದಲ್ಲಿ.

ನಿಜವಾಗಿಯೂ ಹಠಮಾರಿ ರೈಫಲ್ಲುಗಳಿಲ್ಲವೇ ಎಂದರೆ, ಇವೆ. ಅವುಗಳ ಹಠಕ್ಕೆ ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. 1955ರಲ್ಲಿ ರೆಮಿಂಗ್ಟನ್ ಕಂಪನಿ .244 ಎಂಬ ತೋಟಾ ತಂದಿತು. ಅದರ ರೈಫಲ್ಲಿನ ನಳಿಗೆಯೊಳಗಿನ ಸುರುಳಿ 12 ಇಂಚಿಗೆ ಒಂದು ಸುತ್ತು. ಅದೇ ವರ್ಷ ಬಂದ ಪೈಪೋಟಿಯ .243 ವಿಂಚೆಸ್ಟರ್‌ನ ಸುರುಳಿ 10 ಇಂಚಿಗೆ ಒಂದು. ಜಿಂಕೆ ಬೇಟೆಗಾರರು ಬಯಸಿದ 100 ಗ್ರೇನಿನ ಉದ್ದ ಗುಂಡು ರೆಮಿಂಗ್ಟನ್ನಿನ ನಿಧಾನ ಸುರುಳಿಯಲ್ಲಿ ಸ್ಥಿರವಾಗಿ ಹಾರದೆಂಬ ಹೆಸರು ಬಂತು, ಮಾರುಕಟ್ಟೆ .243ರ ಪಾಲಾಯಿತು. 1963ರಲ್ಲಿ ಅದೇ ತೋಟಾಕ್ಕೆ 6 ಮಿಲಿಮೀಟರ್ ರೆಮಿಂಗ್ಟನ್ ಎಂದು ಹೆಸರಿಟ್ಟು, ಸುರುಳಿಯನ್ನು 9 ಇಂಚಿಗೆ ಬಿಗಿ ಮಾಡಿ ತರಬೇಕಾಯಿತು. ಬುಗುರಿ ಸಾಕಷ್ಟು ವೇಗವಾಗಿ ತಿರುಗದಿದ್ದರೆ ತೂರಾಡುತ್ತದೆ. ಉದ್ದ ಗುಂಡಿಗೆ ಹೆಚ್ಚು ತಿರುಗು ಬೇಕು. ಇಂಥ ದೋಷವನ್ನು ಮದ್ದಿನ ತೂಕ ಬದಲಿಸಿ ಸರಿಪಡಿಸಲಾಗದು. ಸ್ಕೋಪ್ ಹಿಡಿದ ತಿರುಪು ಸಡಿಲವಾಗಿದ್ದರೆ, ಮಳೆಗೆ ಕೋವಿಯ ಮರ ಉಬ್ಬಿ ನಳಿಗೆಯನ್ನು ಒಂದು ಕಡೆ ಒತ್ತುತ್ತಿದ್ದರೆ, ಸಾವಿರಾರು ಗುಂಡು ಹಾರಿ ನಳಿಗೆಯ ಗಂಟಲು ಸವೆದಿದ್ದರೆ ಅದೂ ಹಾಗೆಯೇ. ಮೆಸಾಚುಸೆಟ್ಸ್‌ನ ಮಿಲ್ಫರ್ಡ್ ಊರಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ದಶಕಗಳ ಕಾಲ ಪ್ರಯೋಗ ಮಾಡಿ 1909ರಲ್ಲಿ ಪುಸ್ತಕ ಪ್ರಕಟಿಸಿದರು. ಮನುಷ್ಯನ ಕೈ ನಡುಗುವ ಪ್ರಶ್ನೆಯೇ ಬಾರದಂತೆ ನಳಿಗೆಯನ್ನು ಕಾಂಕ್ರೀಟ್ ಕಂಬದ ಮೇಲೆ ಕೂರಿಸಿ ಹೊಡೆದರು. ಗುಂಡಿನ ಮೂತಿ ಮುರಿದರೂ ಅದು ಬಹುಮಟ್ಟಿಗೆ ನೇರ ಹೋಗುತ್ತದೆ, ಬುಡ ಸ್ವಲ್ಪ ಓರೆಯಾದರೆ ಮಾತ್ರ ದಾರಿ ತಪ್ಪುತ್ತದೆ ಎಂದು ಕಂಡುಕೊಂಡರು. ಉಳಿದ, ಕಾರಣ ಸಿಗದ ಹರಡುವಿಕೆಗೆ ಎಕ್ಸ್ ದೋಷ ಎಂದು ಹೆಸರಿಟ್ಟು, ಅದನ್ನು ಒಂದೊಂದಾಗಿ ಕರಗಿಸುತ್ತ ಹೋದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದಿಟ್ಟು ಪ್ರಯೋಗ ಮುಂದುವರಿಸಿದ ಆ ವೈದ್ಯರ ಬಗ್ಗೆ ನನಗೆ ಅಪಾರ ಗೌರವ.

ಇಷ್ಟಕ್ಕೇ ನಿಂತಿದ್ದರೆ ಇದು ಹವ್ಯಾಸಿಗಳ ಸಮಯ, ಹಣದ ಪ್ರಶ್ನೆಯಾಗಿ ಉಳಿಯುತ್ತಿತ್ತು. ಆದರೆ ಅಮೆರಿಕದ ಬೇಟೆ ಈಗ ಸೀಸದ ಗುಂಡಿನಿಂದ ತಾಮ್ರದ ಗುಂಡಿನ ಕಡೆಗೆ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಹೊರಳುತ್ತಿದೆ. ಸೀಸದ ತಿರುಳಿನ ಗುಂಡು ಜಿಂಕೆಯೊಳಗೆ ಒಡೆದು ನೂರಾರು ಕಣಗಳಾಗಿ ಹರಡುತ್ತದೆ. ಬೇಟೆಗಾರ ಮಾಂಸ ಒಯ್ದು ಕರುಳನ್ನು ಕಾಡಿನಲ್ಲೇ ಬಿಡುತ್ತಾನೆ, ರಣಹದ್ದುಗಳು ಅದನ್ನು ತಿನ್ನುತ್ತವೆ. ಒಂಬತ್ತು ಅಡಿಗೂ ಮೀರಿ ರೆಕ್ಕೆ ಚಾಚುವ ಕ್ಯಾಲಿಫೋರ್ನಿಯಾ ಕಾಂಡೋರ್ 1982ರಲ್ಲಿ ಜಗತ್ತಿನಲ್ಲಿ ಉಳಿದದ್ದು 22 ಮಾತ್ರ. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಸಾಕಿ, ಮರಿ ಮಾಡಿಸಿ, ಮತ್ತೆ ಬಿಟ್ಟರು. ಬಿಟ್ಟ ಹಕ್ಕಿಗಳನ್ನು ಕೊಲ್ಲುವುದರಲ್ಲಿ ಇವತ್ತಿಗೂ ಮೊದಲ ಸ್ಥಾನ ಸೀಸದ ವಿಷಕ್ಕೆ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ಬೇಟೆಗೆ ಸೀಸದ ಗುಂಡು ನಿಷೇಧಿಸಿತು. ಮನುಷ್ಯರಿಗೂ ಇದರ ಬಿಸಿ ತಟ್ಟಿದೆ: ದಾನವಾಗಿ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಕಂಡು 2008ರಲ್ಲಿ ನಾರ್ತ್ ಡಕೋಟಾದ ಅಧಿಕಾರಿಗಳು ಬಡವರಿಗೆ ಆಹಾರ ಹಂಚುವ ಕೇಂದ್ರಗಳಿಗೆ ಆ ಮಾಂಸ ಕೊಡಬೇಡಿರೆಂದು ಹೇಳಬೇಕಾಯಿತು. ಸತ್ತ ಪ್ರಾಣಿಯ ಮೂಲಕ ಹದ್ದಿನ ಹೊಟ್ಟೆಗೆ ವಿಷ ಸೇರುವ ಕಥೆ ನಮಗೆ ಹೊಸದಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನಮ್ಮ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಆಕಾಶವನ್ನೇ ಖಾಲಿ ಮಾಡಿತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು. ಉಳಿದ ಬೆರಳೆಣಿಕೆಯ ಹಕ್ಕಿಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಧಾಮವೆಂದು ಘೋಷಿಸಿದ್ದೇವೆ.

ತಾಮ್ರದ ಗುಂಡು ಬಂದ ಕೂಡಲೇ ಹಠಮಾರಿ ಕೋವಿಯ ಮಾತೂ ಜೋರಾಗುತ್ತದೆ. 'ನನ್ನ ರೈಫಲ್ಲಿಗೆ ತಾಮ್ರ ಸೇರುವುದಿಲ್ಲ.' ಸೀಸದ ಸಾಂದ್ರತೆ 11.3, ತಾಮ್ರದ್ದು 9ರ ಹತ್ತಿರ. ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ. ಉದ್ದವಾದದ್ದಕ್ಕೆ ಹೆಚ್ಚು ತಿರುಗು ಬೇಕೆಂಬುದನ್ನು .244ರ ಕಥೆಯಲ್ಲೇ ಕಂಡೆವು. ಹಾಗಾಗಿ ಕೆಲವು ಹಳೆಯ ನಿಧಾನ ಸುರುಳಿಯ ರೈಫಲ್ಲುಗಳಲ್ಲಿ ಈ ದೂರು ನಿಜ, ಅವುಗಳಿಗೆ ಹಗುರವಾದ, ಗಿಡ್ಡನೆಯ ತಾಮ್ರದ ಗುಂಡು ಆರಿಸಬೇಕು. 1980ರ ದಶಕದ ಕೊನೆಯಲ್ಲಿ ಬಾರ್ನ್ಸ್ ಕಂಪನಿ ತಂದ ಮೊದಲ ಪೀಳಿಗೆಯ ತಾಮ್ರದ ಗುಂಡುಗಳು ನಳಿಗೆಗೆ ತಾಮ್ರ ಮೆತ್ತುತ್ತವೆ ಎಂಬ ದೂರೂ ಇತ್ತು. ಆಮೇಲೆ ಗುಂಡಿನ ಮೈಗೆ ಸುತ್ತುಗೀರು ಹಾಕಿ ಘರ್ಷಣೆ ಕಡಿಮೆ ಮಾಡಿದರು. ಇವೆಲ್ಲ ಪರಿಶೀಲಿಸಬಹುದಾದ ಕಾರಣಗಳು. ಆದರೆ ಅಂಗಡಿಯಿಂದ ಒಂದು ಡಬ್ಬಿ ತಂದು, ಮೂರು ಗುಂಡು ಹೊಡೆದು, ಒಂದೂಮುಕ್ಕಾಲು ಇಂಚಿನ ಗುಂಪು ಕಂಡು, ಕಪಾಟಿನಲ್ಲಿರುವ ಸೀಸದ ಬಿಲ್ವಪತ್ರೆಯ ಜೊತೆ ಅದನ್ನು ಹೋಲಿಸಿ ಹಳೆಯದಕ್ಕೇ ಮರಳುವುದು ಪರಿಶೀಲನೆಯಲ್ಲ. ಒಂದು ಕಡೆ ಹತ್ತಾರು ಗುಂಪುಗಳಲ್ಲಿ ಹೆಕ್ಕಿದ ಅತ್ಯುತ್ತಮ ಗುಂಪು, ಇನ್ನೊಂದು ಕಡೆ ಮೊದಲ ಸಲಕ್ಕೆ ಬಂದ ಯಾವುದೋ ಒಂದು ಗುಂಪು. ಹೋಲಿಕೆ ಶುರುವಾಗುವ ಮೊದಲೇ ತಾಮ್ರ ಸೋತಿದೆ. ಎರಡರಲ್ಲೂ ಹತ್ತತ್ತು ಗುಂಡು ಹೊಡೆದು ಎರಡೂ ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದವನಿಗೆ ತಾಮ್ರವನ್ನು ತಳ್ಳಿಹಾಕುವ ಹಕ್ಕಿದೆ. ಮೂರು ಗುಂಡಿನವನಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಖರ್ಚಿನ ಆಕ್ಷೇಪ ಉಳಿದಿದೆ. ತಾಮ್ರದ ಗುಂಡು ದುಬಾರಿ, ಕೋವಿಡ್ ನಂತರ ಪ್ರೈಮರ್ ಸಿಗುವುದೇ ಕಷ್ಟವಾಗಿತ್ತು, ಭುಜಕ್ಕೆ ಪೆಟ್ಟು ಬೀಳುತ್ತದೆ, ನಳಿಗೆ ಸವೆಯುತ್ತದೆ. ಎಲ್ಲವೂ ಹೌದು. ಆದರೆ ಹತ್ತು ತೂಕಕ್ಕೆ ಮೂರರಂತೆ ಖರ್ಚಾಗುತ್ತಿದ್ದುದೂ ಮೂವತ್ತೇ ತೋಟಾ. ನಾನು ಕೇಳುತ್ತಿರುವುದು ಅದೇ ಮೂವತ್ತನ್ನು ಬೇರೆ ರೀತಿ ಹಂಚಬೇಕೆಂದು. ನಳಿಗೆಯ ಸುರುಳಿಗೆ ಹೊಂದುವ ಒಳ್ಳೆಯ ಗುಂಡು ಎರಡು ಬಗೆಯದು. ಕೈಪಿಡಿಯ ಗರಿಷ್ಠಕ್ಕಿಂತ ಸ್ವಲ್ಪ ಕೆಳಗಿನ, ಒತ್ತಡದ ಲಕ್ಷಣ ತೋರದ ಒಂದೊಂದು ತೂಕ. ತಲಾ ಹತ್ತು ಗುಂಡು. ಎರಡರಲ್ಲಿ ಒಂದು ಎದ್ದು ಕಾಣುವಷ್ಟು ಕೆಟ್ಟದಾಗಿದ್ದರೆ ಅದನ್ನು ಬಿಡುವುದು, ಇಲ್ಲವಾದರೆ ಯಾವುದು ಪ್ರಾಣಿಯೊಳಗೆ ಚೆನ್ನಾಗಿ ಅರಳುತ್ತದೋ ಅದನ್ನು ಆರಿಸುವುದು. ಉಳಿದ ಹತ್ತು, ಹತ್ತು ದಿನದ ತಣ್ಣನೆಯ ನಳಿಗೆಗೆ. ಎರಡೂ ಗುಂಡುಗಳು ಎರಡೂವರೆ ಮೂರು ಇಂಚು ಹರಡಿದರೆ ಆಗ ಸ್ಕೋಪಿನ ತಿರುಪು, ಕೋವಿಯ ಮರ, ನಳಿಗೆಯ ಗಂಟಲು ನೋಡಬೇಕು. ಮದ್ದಿನ ಡಬ್ಬಿಯ ಮೇಲೆ ಮತ್ತೆ ಕೈ ಇಡಬೇಕಾಗಿಲ್ಲ.

ವರ್ಷಗಟ್ಟಲೆ ಇದೇ ತೋಟಾದಲ್ಲಿ ಜಿಂಕೆ ಉರುಳಿಸಿದ್ದೇನೆ, ಮೂರು ಗುಂಡಿನ ಪರೀಕ್ಷೆ ನನಗೆ ಎಂದೂ ಮೋಸ ಮಾಡಿಲ್ಲ ಎನ್ನುವ ಹಿರಿಯ ಬೇಟೆಗಾರರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಸೇರಿದ ಜಾಗ ಎಂಟರಿಂದ ಹತ್ತು ಇಂಚು ಅಗಲ. ನೂರು ಗಜದಲ್ಲಿ ಒಂದೂವರೆ ಇಂಚು ಹರಡುವ ರೈಫಲ್ ಇನ್ನೂರು ಗಜದಲ್ಲಿ ಮೂರು ಇಂಚು ಹರಡುತ್ತದೆ. ಆ ಜಾಗಕ್ಕೆ ಇದು ಧಾರಾಳ ಸಾಕು. ಅವರ ತೋಟಾ ಕೆಲಸ ಮಾಡಿದ್ದು ಕೋವಿ ಅದನ್ನು ಮೆಚ್ಚಿಕೊಂಡಿತೆಂದಲ್ಲ, ಪರೀಕ್ಷಿಸಿ ಕೈಬಿಟ್ಟ ಉಳಿದ ಒಂಬತ್ತೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಮುನ್ನೂರು ಗಜದಾಚೆಗಿನ ಜಿಂಕೆಗೆ ವೇಗದಲ್ಲಿ ಸೆಕೆಂಡಿಗೆ 30 ಅಡಿ ವ್ಯತ್ಯಾಸವಾದರೂ ಗುಂಡು ಬೀಳುವ ಎತ್ತರದಲ್ಲಿ ಆಗುವ ಬದಲಾವಣೆ ಅರ್ಧ ಇಂಚಿನ ಸುತ್ತಮುತ್ತ. ಅದೇ ಜಿಂಕೆಗೆ, ಬೆಟ್ಟ ಹತ್ತಿ ಏದುಸಿರು ಬಿಡುತ್ತ, ಬೆಂಚಿಲ್ಲದೆ, ಮರಳಿನ ಚೀಲವಿಲ್ಲದೆ, ಮೊಣಕಾಲಿನ ಮೇಲೆ ಮೊಣಕೈ ಊರಿ ಹೊಡೆಯುವಾಗ ಗುರಿಯ ಕೂಡುಗೆರೆ ಅಡಿಗಟ್ಟಲೆ ಓಲಾಡುತ್ತದೆ. ಜಿಂಕೆಯ ಹೊಟ್ಟೆಗೆ ಬಿದ್ದು ಅದು ರಾತ್ರಿಯೆಲ್ಲ ಪೊದೆಯಲ್ಲಿ ನರಳಿ ಸಾಯುವಂತೆ ಮಾಡುವ ಗುಂಡು ದಾರಿ ತಪ್ಪುವುದು ಬಹುಪಾಲು ಅಲ್ಲಿ, ತಕ್ಕಡಿಯ ಮೇಲೆ ಅಲ್ಲ. ಮೂವತ್ತು ತೋಟಾಗಳಲ್ಲಿ ಆಯ್ಕೆ ಮುಗಿಸಿದವನ ಕೈಯಲ್ಲಿ ಉಳಿದ ನೂರಾರು ತೋಟಾ, ಉಳಿದ ವಾರಾಂತ್ಯಗಳು ಹೋಗಬೇಕಾದದ್ದು ಆ ಮೊಣಕಾಲಿನ ಭಂಗಿಗೆ, ಗಾಳಿಯಲ್ಲಿ ಹೊಡೆದು ನೋಡುವುದಕ್ಕೆ, ಎಷ್ಟು ದೂರದಾಚೆ ಟ್ರಿಗರ್ ಮುಟ್ಟಬಾರದೆಂದು ತನ್ನ ಮಿತಿ ಕಂಡುಕೊಳ್ಳುವುದಕ್ಕೆ. ಗೋಡೆಗೆ ತೂಗುಹಾಕಲು ಒಂದು ಕಾಗದ ಬೇಕೇಬೇಕೆಂದರೆ ಬಿಲ್ವಪತ್ರೆ ಬೇಡ. ಪಕ್ಕದಲ್ಲಿ ಹತ್ತು ತಾರೀಖು ಬರೆದ, ಹತ್ತು ಬೆಳಗಿನ ತಣ್ಣನೆಯ ನಳಿಗೆಯಿಂದ ಹತ್ತು ಕಡೆ ಬಿದ್ದ ಹತ್ತು ತೂತುಗಳ ಕಾಗದವನ್ನು ಹಾಕಲಿ.